ಅಂಗಳಕ್ಕೆ ಬಂದ ಶಾಲೆ: ತಾರಾಬಾಯಿ ಮೋಡಕ್

ಭಾರತದ ಶಿಶುಶಿಕ್ಷಣದ ಇತಿಹಾಸದಲ್ಲಿ ತಾರಾಬಾಯಿ ಮೋಡಕ್ (1892–1973) ಅವರ ಹೆಸರು ಸಾಮಾನ್ಯವಾಗಿ ಮಾಂಟೆಸ್ಸೊರಿ ಪದ್ಧತಿಯ ಪ್ರಸಾರದೊಂದಿಗೆ ಬರುತ್ತದೆ. ಆ ಪದ್ಧತಿಯನ್ನು ಬಡ ಕುಟುಂಬಗಳ ಬದುಕಿಗೆ ಒಗ್ಗಿಸಿದ್ದು ಅವರ ಮುಖ್ಯ ಸಾಧನೆ. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ದುಡಿದು, 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘದ ಸ್ಥಾಪನೆಯಲ್ಲಿ ಪಾಲ್ಗೊಂಡ ಅವರು, ಮುಂದೆ ನಗರವನ್ನು ಬಿಟ್ಟು ಹಳ್ಳಿಯತ್ತ ತಿರುಗಿದರು.

1945ರಲ್ಲಿ ಅಂದಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಬಾಲವಾಡಿ ತೆರೆದಾಗ ದಲಿತ ಕೇರಿಯ ಮಕ್ಕಳು ಅಲ್ಲಿಗೆ ಬರಲಿಲ್ಲ. ಅದನ್ನು ಕುಟುಂಬಗಳ ನಿರಾಸಕ್ತಿಯೆಂದು ಬಗೆಯದೆ, ತಾರಾಬಾಯಿ ಮತ್ತು ಅವರ ಸಹೋದ್ಯೋಗಿ ಅನುತಾಯಿ ವಾಘ್ ಕೇರಿಯ ಅಂಗಳಕ್ಕೇ ಶಾಲೆಯನ್ನು ಒಯ್ದರು. ದುಬಾರಿ ಉಪಕರಣಗಳ ಸ್ಥಾನದಲ್ಲಿ ಬೀಜ, ಕಲ್ಲು, ಎಲೆ, ಚಿಪ್ಪುಗಳು ಬಂದವು. 1957ರಲ್ಲಿ ಕೇಂದ್ರವು ಕೋಸ್‌ಬಾಡ್‌ಗೆ ಸ್ಥಳಾಂತರಗೊಂಡಿತು. ಅಲ್ಲಿನ ವಾರಲಿ ಆದಿವಾಸಿ ಕುಟುಂಬಗಳಲ್ಲಿ ಮಕ್ಕಳೂ ದುಡಿಯಬೇಕಿತ್ತು. ದನ ಮೇಯಿಸುವವರಿಗೆ ಹುಲ್ಲುಗಾವಲಿನಲ್ಲೇ ಪಾಠ ನಡೆಯಿತು. ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಿದ್ದ ಮಕ್ಕಳಿಗಾಗಿ ಶಿಶುಪಾಲನಾ ಕೇಂದ್ರ, ಬಾಲವಾಡಿ, ಪ್ರಾಥಮಿಕ ಶಾಲೆಗಳನ್ನು ಒಂದೆಡೆ ಕೂಡಿಸಿದ ವಿಕಾಸವಾಡಿ ರೂಪುಗೊಂಡಿತು.

ಅವರು ತೀರಿಕೊಂಡ ಎರಡು ವರ್ಷಗಳ ತರುವಾಯ, 1975ರಲ್ಲಿ, ಕೇಂದ್ರ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ತನ್ನ ಕೇಂದ್ರಗಳನ್ನು ಅಂಗನವಾಡಿ ಎಂದು ಕರೆಯಿತು. ಕರ್ನಾಟಕದಲ್ಲಿ ಅದು ತಿರುಮಕೂಡಲು ನರಸೀಪುರದಲ್ಲಿ ಆರಂಭವಾಯಿತು. ಮಗು ಶಾಲೆಗೆ ಬಾರದಿದ್ದಾಗ ಕುಟುಂಬದ ದೋಷವನ್ನು ಹುಡುಕುವ ಮೊದಲು ಶಾಲೆಯ ರಚನೆಯನ್ನು ಪರಿಶೀಲಿಸಬೇಕೆಂಬ ನಿಲುವು ಆ ಹೆಸರಿನ ಹಿಂದೆ ಇದೆಯೆಂಬುದನ್ನು ಶಿಕ್ಷಣದ ಅಧ್ಯಯನಗಳು ಮರೆಯಬಾರದು.