ವೀರವನಿತೆ ಒನಕೆ ಓಬವ್ವ

ಚಿತ್ರದುರ್ಗದ ಕಲ್ಲಿನ ಕೋಟೆಯಲ್ಲಿ ಪಾಳೆಯಗಾರರು ಕಟ್ಟಿಸಿದ ಬಾಗಿಲು, ಬತೇರಿ, ದೇಗುಲ, ಹೊಂಡಗಳು ಹಲವು. ಅವುಗಳ ನಡುವೆ ಒಬ್ಬರು ಬಗ್ಗಿ ನುಸುಳಬಹುದಾದಷ್ಟೇ ಅಗಲದ ಬಂಡೆಯ ಸಂದೊಂದಿದೆ. ಅದು ಓಬವ್ವನ ಕಿಂಡಿಯೆಂದು ಪ್ರಸಿದ್ಧವಾಗಿದೆ. ಅಧಿಕಾರವಾಗಲಿ ಆಯುಧವಾಗಲಿ ಇಲ್ಲದ ಕಾವಲುಗಾರನ ಮಡದಿಯೊಬ್ಬಳು ನಾಡಿನ ನೆನಪಿನಲ್ಲಿ ಅಮರಳಾದುದು ಆ ಸ್ಥಳದಲ್ಲಿ.

ವಿಜಯನಗರದ ಕಾಲದಲ್ಲಿ ಮತ್ತಿ ತಿಮ್ಮಣ್ಣನಾಯಕನು ಮೊದಲು ಹೊಳಲ್ಕೆರೆಯ, ಅನಂತರ ಹಿರಿಯೂರು ಮತ್ತು ಚಿತ್ರದುರ್ಗಗಳ ನಾಯಕತನವನ್ನು ಪಡೆದು ಸ್ಥಾಪಿಸಿದ ಸಂಸ್ಥಾನದ ಕೊನೆಯ ಅರಸು ವೀರ ಮದಕರಿನಾಯಕ. 1754ರಿಂದ 1779ರವರೆಗೆ ಆಳಿದ ಆತನ ಕಾಲದಲ್ಲಿ ಹೈದರಾಲಿಯ ಸೈನ್ಯ ದುರ್ಗವನ್ನು ಒಂದಕ್ಕಿಂತ ಹೆಚ್ಚು ಬಾರಿ ಮುತ್ತಿತು. ಓಬವ್ವನ ಕಥೆ ಈ ಮುತ್ತಿಗೆಗಳ ಕಾಲದ್ದು. ಆಕೆ ಛಲವಾದಿ ಕುಲದವಳೆಂದೂ ಪತಿ ಕಹಳೆಯ ಮುದ್ದಹನುಮ ಕೋಟೆಯ ಕಾವಲುಗಾರನಾಗಿದ್ದನೆಂದೂ ಪರಂಪರೆಯ ಹೇಳಿಕೆ.

ಅಂದಿನ ಸಮಾಜ ಗಂಡು ಹೆಣ್ಣುಗಳ ಕೆಲಸವನ್ನು ವಿಂಗಡಿಸಿಟ್ಟಿತ್ತು. ಕಾವಲು, ಕಹಳೆ, ಕತ್ತಿ ಗಂಡಸಿನ ಪಾಲು. ಒಲೆ, ಒರಳು, ಕೊಡ ಹೆಂಗಸಿನ ಪಾಲು. ಕೋಟೆಯ ಕೇರಿಗಳಲ್ಲಾಗಲಿ, ಹೊಸದುರ್ಗ ಸೀಮೆಯ ಹಳ್ಳಿಗಳಲ್ಲಾಗಲಿ ಭತ್ತ, ನವಣೆ, ಸಜ್ಜೆಗಳನ್ನು ಒರಳಿಗೆ ಹಾಕಿ ಕುಟ್ಟುವ ಹೊಣೆ ಗೃಹಿಣಿಯದೇ. ಭಾರವಾದ ಮರದ ಒನಕೆಯನ್ನು ಎತ್ತೆತ್ತಿ ಹಾಕುವ ಆ ದುಡಿಮೆಗೆ ತೋಳ್ಬಲ ಬೇಕು, ಉಸಿರಿನ ಹಿಡಿತ ಬೇಕು, ತಪ್ಪದ ಗುರಿ ಬೇಕು. ಆದರೂ ಅದನ್ನು ಶಕ್ತಿಯೆಂದು ಯಾರೂ ಎಣಿಸಲಿಲ್ಲ. ಹಾಗೆ ದುಡಿಯುವವಳಿಗೇ ಅಬಲೆಯೆಂಬ ಹೆಸರಿತ್ತು.

ಒಂದು ಮಧ್ಯಾಹ್ನ ಮುದ್ದಹನುಮ ಊಟಕ್ಕೆಂದು ಮನೆಗೆ ಬಂದ. ಕುಡಿಯುವ ನೀರು ತರಲು ಓಬವ್ವ ಕೊಡ ಹಿಡಿದು ತಣ್ಣೀರು ದೋಣಿಯ ಕಡೆಗೆ ನಡೆದಳು. ಬಂಡೆಯ ಸಂದಿನಲ್ಲಿ ಪಿಸುಮಾತು ಕೇಳಿಸಿತು. ಶತ್ರುಸೈನಿಕರು ಒಬ್ಬೊಬ್ಬರಾಗಿ ಒಳನುಸುಳಲು ಹವಣಿಸುತ್ತಿದ್ದರು. ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸಬಾರದೆಂಬುದು ಆಕೆ ಕಲಿತು ಬಂದ ಗೃಹಧರ್ಮ. ಕೋಟೆಯನ್ನು ಕಾಯಬೇಕೆಂಬುದು ಯಾರೂ ಆಕೆಗೆ ವಹಿಸದ ಕರ್ತವ್ಯ. ಓಬವ್ವ ಎರಡನ್ನೂ ಹೊತ್ತಳು. ಮನೆಯಲ್ಲಿದ್ದ ಒನಕೆಯನ್ನು ತಂದು ಕಿಂಡಿಯ ಪಕ್ಕದಲ್ಲಿ ನಿಂತು, ತಲೆ ತೂರಿಸಿದವನನ್ನು ಬಡಿದು ಕೆಡಹಿ, ಹಿಂದಿನವನಿಗೆ ಸುಳಿವು ಸಿಗದಂತೆ ಹೆಣವನ್ನು ಒಳಗೆಳೆದು ಹಾಕಿದಳು. ಊಟ ಮುಗಿಸಿ ಬಂದ ಪತಿ, ಹೆಣಗಳ ನಡುವೆ ರಕ್ತಸಿಕ್ತ ಒನಕೆ ಹಿಡಿದು ನಿಂತ ಮಡದಿಯನ್ನು ಕಂಡು ಬೆರಗಾಗಿ ಕಹಳೆಯೂದಿದ. ದುರ್ಗದ ಸೈನಿಕರು ಧಾವಿಸಿ ಬಂದರು. ಅಂದಿನ ಗಂಡಾಂತರ ಕಳೆಯಿತು. ಓಬವ್ವ ಮಾತ್ರ ಉಳಿಯಲಿಲ್ಲ. ವೈರಿಯ ಇರಿತದಿಂದ ಮಡಿದಳೆಂದು ಕೆಲವರು, ಆಘಾತದಿಂದ ಪ್ರಾಣಬಿಟ್ಟಳೆಂದು ಕೆಲವರು ಹೇಳುವುದುಂಟು. ಮುಂದೆ 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು, ಮದಕರಿನಾಯಕ ಸೆರೆಯಾದ. ಸೋತ ದುರ್ಗದ ಕಥೆಯಲ್ಲಿ ಸೋಲದ ಹೆಸರಾಗಿ ಓಬವ್ವ ಉಳಿದಳು.

ಆಕೆಯನ್ನು ಗಂಡೆದೆಯ ಹೆಣ್ಣೆಂದು ಹೊಗಳುವ ರೂಢಿಯಿದೆ. ಆ ಹೊಗಳಿಕೆಯಲ್ಲಿ ಒಂದು ಅನ್ಯಾಯ ಅಡಗಿದೆ. ಧೈರ್ಯ ಗಂಡಿನ ಸೊತ್ತು, ಅದು ಹೆಣ್ಣಿನಲ್ಲಿ ಕಂಡರೆ ಎರವಲು ಎಂಬ ಭಾವನೆ ಅದರ ಹಿಂದಿದೆ. ಓಬವ್ವ ಯಾರಿಂದಲೂ ಎರವಲು ತರಲಿಲ್ಲ. ಆಕೆ ಹಿಡಿದದ್ದು ಗಂಡನ ಕತ್ತಿಯನ್ನಲ್ಲ, ದಿನನಿತ್ಯ ಹಿಡಿಯುತ್ತಿದ್ದ ತನ್ನ ಒನಕೆಯನ್ನು. ಹನ್ನೆರಡನೆಯ ಶತಮಾನದ ಶರಣೆ ಕೊಟ್ಟಣದ ಸೋಮಮ್ಮನಿಗೆ ಭತ್ತ ಕುಟ್ಟುವುದೇ ಕಾಯಕ. ಒನಕೆ ಹಿಡಿದ ಆ ಕೈಗೆ ಶರಣರು ಅಂದೇ ಗೌರವ ಸಲ್ಲಿಸಿದ್ದರು. ಲೋಕದ ಕಣ್ಣಿಗಾದರೋ ಹೆಣ್ಣಿನ ತೋಳಿನ ಬಲ ಕಾಣಲು ಕೋಟೆಗೆ ಗಂಡಾಂತರ ಬರಬೇಕಾಯಿತು.

1972ರಲ್ಲಿ ತೆರೆಕಂಡ ‘ನಾಗರಹಾವು’ ಚಲನಚಿತ್ರ ಓಬವ್ವನ ಸಾಹಸವನ್ನು ಮನೆಮನೆಗೆ ಮುಟ್ಟಿಸಿತು. ಚಿತ್ರದುರ್ಗದ ಕ್ರೀಡಾಂಗಣ ಆಕೆಯ ಹೆಸರನ್ನು ಹೊತ್ತಿದೆ. 2021ರಿಂದ ನವೆಂಬರ್ 11ರಂದು ರಾಜ್ಯ ಸರ್ಕಾರ ಆಕೆಯ ಜಯಂತಿಯನ್ನು ಆಚರಿಸುತ್ತಿದೆ. ಈ ಗೌರವಗಳೆಲ್ಲ ಉಚಿತವೇ. ಆದರೆ ನೀರು ಹೊತ್ತು, ಕಾಳು ಹಸನುಮಾಡಿ ಶಾಲೆಗೆ ಬರುವ ಹೆಣ್ಣುಮಗುವಿನ ಸಾಮರ್ಥ್ಯವನ್ನು ಗಂಡಾಂತರಕ್ಕೆ ಕಾಯದೆ ಗುರುತಿಸಿ, ಓದಿಗೂ ಹೊಣೆಗಾರಿಕೆಗೂ ಅವಕಾಶ ಕೊಟ್ಟಾಗಲೇ ಆ ವೀರಮಾತೆಯ ಋಣ ತೀರೀತು.