ಮಕ್ಕಳಿಗೆ ಕಥೆ ಹೇಳಿದ ಇನ್ಸ್‌ಪೆಕ್ಟರು



ನಿಮ್ಮ ಮನೆಯಲ್ಲಿ ಎರಡನೆಯದೋ ಮೂರನೆಯದೋ ತರಗತಿಯಲ್ಲಿ ಓದುವ ಮಗು ಇದೆಯೇ? ಹಾಗಾದರೆ ನಿಮಗೊಂದು ಪ್ರಶ್ನೆ. ನಾಳೆಯ ಪರೀಕ್ಷೆಗಾಗಿ ಅಲ್ಲ, ಟೀಚರ್ ಬೈಯುತ್ತಾರೆಂದೂ ಅಲ್ಲ, ಸುಮ್ಮನೆ ಖುಷಿಗಾಗಿ ಆ ಮಗು ಪುಸ್ತಕ ಹಿಡಿದು ಕುಳಿತದ್ದನ್ನು ನೀವು ಕೊನೆಯ ಸಲ ಕಂಡದ್ದು ಯಾವಾಗ? ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಯ ನಮ್ಮ ಮನೆಗಳಲ್ಲಿ ಪುಸ್ತಕಗಳಿಗೆ ಬರವಿಲ್ಲ. ಶಾಲೆಯ ಚೀಲದ ಭಾರಕ್ಕೆ ಮಗುವಿನ ಬೆನ್ನು ಬಾಗುತ್ತದೆ. ಆದರೆ ಆ ಚೀಲದಲ್ಲಿ ಮಗು ತಾನಾಗಿ ಆಸೆಪಟ್ಟು ಇಟ್ಟುಕೊಂಡ ಪುಸ್ತಕ ಒಂದಾದರೂ ಇದೆಯೇ?

ಇಂಥದೇ ಕೊರತೆಯನ್ನು ನೂರು ವರ್ಷಗಳಿಗೂ ಹಿಂದೆ ಕಂಡು, ಅದನ್ನು ತುಂಬಲು ಬಾಳೆಲ್ಲ ದುಡಿದ ಒಬ್ಬ ಮೇಷ್ಟ್ರ ಕಥೆಯನ್ನು ಇಂದು ನಿಮಗೆ ಹೇಳಬೇಕಾಗಿದೆ. ಅವರೇ ಪಂಜೆ ಮಂಗೇಶರಾಯರು.

ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿ ನದಿಯ ದಂಡೆಯ ಬಂಟ್ವಾಳದಲ್ಲಿ. ಮನೆಯಲ್ಲಿ ಆಡುತ್ತಿದ್ದ ಮಾತು ಕೊಂಕಣಿ, ಬೀದಿಯಲ್ಲಿ ಕಿವಿಗೆ ಬೀಳುತ್ತಿದ್ದುದು ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಆಮೇಲೆ ಇಂಗ್ಲಿಷು. ಇದನ್ನು ಓದುವಾಗ ನಿಮಗೆ ನಿಮ್ಮ ಮನೆಯೇ ನೆನಪಾಗುತ್ತಿರಬಹುದು. ನಮ್ಮ ಧರ್ಮಕೇಂದ್ರಗಳಲ್ಲಿ ಕೊಂಕಣಿ, ತಮಿಳು, ತೆಲುಗು, ಮಲಯಾಳ ಮನೆಮಾತಿನ ಕುಟುಂಬಗಳು ಎಷ್ಟಿಲ್ಲ! ಮನೆಯ ಭಾಷೆ ಒಂದು, ಶಾಲೆಯ ಭಾಷೆ ಇನ್ನೊಂದು ಆದುದರಿಂದಲೇ ಮಗು ಓದುತ್ತಿಲ್ಲ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಕನ್ನಡದ ಮಕ್ಕಳಿಗೆ ಹೊಸಗನ್ನಡದಲ್ಲಿ ಮೊದಮೊದಲು ಕಥೆ, ಹಾಡುಗಳ ರುಚಿ ಹಚ್ಚಿದವರ ಮನೆಮಾತು ಕನ್ನಡವಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ಎಳೆತನದಲ್ಲಿ ಅವರು ಬಡತನವನ್ನು ಕಂಡವರು. ಸಂಸಾರದ ಹೊರೆ ಬೇಗನೆ ಹೆಗಲಿಗೇರಿತು. ಕಷ್ಟದಲ್ಲಿಯೇ ಮಂಗಳೂರಿನಲ್ಲಿ ಓದು ಮುಂದುವರಿಸಿ, 1896ರಲ್ಲಿ ಅಲ್ಲಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಸೇರಿದರು. 1900ರಲ್ಲಿ ಮಂಗಳೂರಿನ ಸುವಾಸಿನಿ ಪತ್ರಿಕೆಯಲ್ಲಿ ಅವರ ಸಣ್ಣ ಕಥೆಗಳು ಬಂದವು. ಕನ್ನಡದ ಸಣ್ಣ ಕಥೆಯ ಚರಿತ್ರೆಯನ್ನು ಬರೆಯುವವರು ಇಂದಿಗೂ ಆ ಕಥೆಗಳಿಂದಲೇ ಆರಂಭಿಸುವುದುಂಟು. ದೊಡ್ಡವರಿಗಾಗಿ ಬರೆಯುತ್ತಾ ಹೋಗಿದ್ದರೆ ದೊಡ್ಡ ಹೆಸರೇ ಸಿಗುತ್ತಿತ್ತು. ಆದರೆ ಅವರ ಮನಸ್ಸು ಒಲಿದದ್ದು ಮಕ್ಕಳ ಕಡೆಗೆ.

ಅದಕ್ಕೆ ಕಾರಣ ಅವರ ಉದ್ಯೋಗ. ಕೆಲವು ವರ್ಷಗಳ ನಂತರ ಅವರು ಶಾಲೆಗಳ ಇನ್ಸ್‌ಪೆಕ್ಟರಾದರು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದಲ್ಲಿ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಒಂದು ಪದ್ಧತಿಯಿತ್ತು. ಇನ್ಸ್‌ಪೆಕ್ಟರು ಬಂದು ಪರೀಕ್ಷೆ ಮಾಡಿದಾಗ ಮಕ್ಕಳು ಹೇಗೆ ಉತ್ತರಿಸಿದರು ಎಂಬುದನ್ನು ನೋಡಿ ಖಾಸಗಿ ಶಾಲೆಗಳಿಗೆ ಸರ್ಕಾರದ ಸಹಾಯಧನ ಸಿಗುತ್ತಿತ್ತು. ಮೇಷ್ಟ್ರ ಅನ್ನವೇ ಮಗುವಿನ ಉತ್ತರದ ಮೇಲೆ ನಿಂತಿದ್ದರೆ ಮೇಷ್ಟ್ರು ಏನು ಮಾಡುತ್ತಾರೆ, ನೀವೇ ಹೇಳಿ. ಬಾಯಿಪಾಠ ಮಾಡಿಸುತ್ತಾರೆ, ಬೆತ್ತ ಹಿಡಿಯುತ್ತಾರೆ. ಇನ್ಸ್‌ಪೆಕ್ಟರು ಎಂಬ ಹೆಸರು ಕೇಳಿದರೇ ಶಾಲೆ ನಡುಗುತ್ತಿದ್ದ ಕಾಲ ಅದು.

ಅಂಥ ಹುದ್ದೆಯಲ್ಲಿದ್ದೂ ಮಂಗೇಶರಾಯರು ಶಾಲೆಗೆ ಹೋದರೆ ಮಕ್ಕಳಿಗೆ ಕಥೆ ಹೇಳುತ್ತಿದ್ದರು, ಹಾಡುತ್ತಿದ್ದರು, ಹಾಡಿಗೆ ತಕ್ಕಂತೆ ಅಭಿನಯವನ್ನೂ ಮಾಡಿ ತೋರಿಸುತ್ತಿದ್ದರು. ಮಗುವಿಗೆ ಎಷ್ಟು ಬರುತ್ತದೆ ಎಂದು ಅಳೆಯುವುದಕ್ಕಿಂತ, ಮಗುವಿಗೆ ಯಾವುದರಲ್ಲಿ ಆಸೆ ಹುಟ್ಟುತ್ತದೆ ಎಂದು ಕಾಣುವುದು ಅವರಿಗೆ ಮುಖ್ಯವಾಗಿತ್ತು.

ಆದರೆ ಕಥೆ ಕೇಳಿ ಆಸೆ ಹುಟ್ಟಿದ ಮಗುವಿನ ಕೈಗೆ ಕೊಡಲು ಪುಸ್ತಕಗಳೆಲ್ಲಿದ್ದವು? ಇದ್ದವೆಲ್ಲ ಬಹುಮಟ್ಟಿಗೆ ಪಾಠಪುಸ್ತಕಗಳು. ಹಾಗಾಗಿ ಅವರೇ ಬರೆಯಲು ಕುಳಿತರು. ಗುಡುಗುಡು ಗುಮ್ಮಟ ದೇವರು, ಮೆಣಸಿನ ಕಾಳಪ್ಪ, ಒಡ್ಡನ ಓಟ, ಅರ್ಗಣೆ ಮುದ್ದೆ ಎಂಬ ಅವರ ಕಥೆಗಳ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಹೆಸರಿಗೇ ಮಗು ನಗುತ್ತದೆ! ಸಿಗಡಿ ಯಾಕೆ ಒಣಗಲಿಲ್ಲ ಎಂಬುದು ಒಬ್ಬರ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುತ್ತಾ ಸಾಗುವ ಸರಪಳಿ ಕಥೆ. ಕರಾವಳಿಯ ಮಗುವಿಗೆ ಅಂಗಳದಲ್ಲಿ ಒಣಹಾಕಿದ ಸಿಗಡಿ ದಿನವೂ ಕಣ್ಣಿಗೆ ಬೀಳುವ ವಸ್ತು. ಇಂಗ್ಲಿಷಿನ ಮೂರು ಕರಡಿಗಳ ಕಥೆಯನ್ನೂ ಅವರು ನಮ್ಮ ಮನೆಯ ಕಥೆಯೆಂಬಂತೆ ಕನ್ನಡಕ್ಕೆ ತಂದರು. ತುಳುನಾಡಿನ ಪಾಡ್ದನಗಳಲ್ಲಿದ್ದ ಅವಳಿ ವೀರರಾದ ಕೋಟಿ ಚೆನ್ನಯರ ಕಥೆಯನ್ನು ಕನ್ನಡ ಗದ್ಯದಲ್ಲಿ ಬರೆದರು. ನಾಗರಹಾವನ್ನು ಮಗು ಮಾತನಾಡಿಸುವ ಹಾಡು, ಕಡಲ ಕಡೆಯಿಂದ ಬೀಸುವ ತೆಂಕಣ ಗಾಳಿಯ ಹಾಡು, ಇವುಗಳನ್ನು ಹಾಡುತ್ತಾ ಬೆಳೆದ ಎಷ್ಟೋ ಮಂದಿಗೆ ಬರೆದವರ ಹೆಸರೇ ತಿಳಿಯದು.

ಹೆಸರಿನ ಆಸೆಯೂ ಅವರಿಗೆ ಇರಲಿಲ್ಲವೆಂದು ತೋರುತ್ತದೆ. ಅವರು ಇಟ್ಟುಕೊಂಡ ಕಾವ್ಯನಾಮ ಕವಿಶಿಷ್ಯ. ಹರಟೆಮಲ್ಲ ಎಂಬ ಹೆಸರಿನಲ್ಲಿಯೂ ಬರೆದರು. ಒಬ್ಬನೇ ಬರೆದರೆ ಸಾಲದೆಂದು ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳ ಪುಸ್ತಕಗಳು ಹೊರಬರುವಂತೆ ಮಾಡಿದರು. ಮುಂದೆ ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ಹೋದಾಗ ಆ ನಾಡಿಗಾಗಿ ಹುತ್ತರಿಯ ಹಾಡನ್ನು ಬರೆದುಕೊಟ್ಟರು. ಕೊಡಗಿನವರು ಅದನ್ನು ಇಂದಿಗೂ ಅಭಿಮಾನದಿಂದ ಹಾಡುತ್ತಾರೆ. 1934ರಲ್ಲಿ ರಾಯಚೂರಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಮಕ್ಕಳಿಗಾಗಿ ಬರೆದವರನ್ನು ನಾಡು ದೊಡ್ಡ ಪೀಠದಲ್ಲಿ ಕೂರಿಸಿ ಗೌರವಿಸಿತು. 1937ರ ಅಕ್ಟೋಬರ್ ತಿಂಗಳಲ್ಲಿ, 63ನೆಯ ವಯಸ್ಸಿನಲ್ಲಿ, ಹೈದರಾಬಾದಿನಲ್ಲಿ ಅವರು ತೀರಿಕೊಂಡರು.

ಪ್ರಿಯ ಓದುಗರೇ, ಈ ಬಾಳಿನಿಂದ ನಾವು ಕಲಿಯಬೇಕಾದುದೇನು? ಇಂದು ಶಾಲೆಗೆ ಇನ್ಸ್‌ಪೆಕ್ಟರು ಬಂದರೆ ಮಕ್ಕಳು ನಡುಗುವುದಿಲ್ಲ. ಆದರೆ ಮನೆಯಲ್ಲಿ ನಾವೇ ಇನ್ಸ್‌ಪೆಕ್ಟರುಗಳಾಗಿದ್ದೇವೆ. ಮಗು ಒಂದು ಕಥೆ ಓದಿದರೆ ಸಾಕು, ಇದರ ನೀತಿ ಏನು, ಈ ಪದದ ಸ್ಪೆಲ್ಲಿಂಗ್ ಹೇಳು, ಎಷ್ಟು ಪುಟ ಮುಗಿಸಿದೆ ಎಂದು ಕೇಳತೊಡಗುತ್ತೇವೆ. ಅಲ್ಲಿಗೆ ಕಥೆ ಮುಗಿಯಿತು, ಪರೀಕ್ಷೆ ಆರಂಭವಾಯಿತು! ಮಗು ಪುಸ್ತಕ ಮುಚ್ಚಿ ಮೊಬೈಲು ಹಿಡಿದರೆ ತಪ್ಪು ಮಗುವಿನದು ಮಾತ್ರವೇ? ಪರೀಕ್ಷೆ ಮಾಡುವುದೇ ಉದ್ಯೋಗವಾಗಿದ್ದ ಮನುಷ್ಯನಿಗೆ ಅದನ್ನು ಬದಿಗಿಟ್ಟು ಕಥೆ ಹೇಳಲು ಸಾಧ್ಯವಾಯಿತು. ನಮಗೇಕೆ ಸಾಧ್ಯವಾಗಬಾರದು?

ಇದಕ್ಕೆ ಹಣ ಬೇಕಿಲ್ಲ. ಸಂಜೆಯ ಜಪಸರ ಮುಗಿದ ಮೇಲೆ, ಊಟಕ್ಕೆ ಮುಂಚೆ, ಹತ್ತು ನಿಮಿಷ ಟಿ.ವಿ. ಆರಿಸಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಗಟ್ಟಿಯಾಗಿ ಓದಿ. ಕರಡಿ ಬಂದರೆ ಕರಡಿಯ ದನಿ ಮಾಡಿ. ಅಪ್ಪ ಕರಡಿಯಾದರೆ ಮಗು ಎಷ್ಟು ಸಂತೋಷಪಡುತ್ತದೆ ನೋಡಿ. ಕನ್ನಡವೋ ಕೊಂಕಣಿಯೋ ಇಂಗ್ಲಿಷೋ, ನಿಮಗೆ ಸಲೀಸಾದ ಭಾಷೆಯಲ್ಲಿ ಓದಿ. ಓದು ಬಾರದ ಅಜ್ಜಿ ಮನೆಯಲ್ಲಿದ್ದರೆ ಅವರು ಕಥೆ ಹೇಳಲಿ. ಕಿವಿಗೆ ರುಚಿ ಹತ್ತಿದ ಮೇಲೆ ಕಣ್ಣು ತಾನಾಗಿ ಪುಸ್ತಕವನ್ನು ಹುಡುಕುತ್ತದೆ. ಓದಿದ ಮೇಲೆ ಪ್ರಶ್ನೆ ಕೇಳಬೇಡಿ. ಮಗುವೇ ಕೇಳಿದರೆ ಉತ್ತರ ಕೊಡಿ. ಅದೇ ಕಥೆಯನ್ನು ಹತ್ತನೆಯ ಸಲ ಕೇಳಿದರೂ ಬೇಸರಪಡಬೇಡಿ.

ಪುಸ್ತಕ ಕೊಳ್ಳುವುದು ಕಷ್ಟವೇ? ನಾವು ಕಟ್ಟುವ ಆಸ್ತಿ ತೆರಿಗೆಯ ಪ್ರತಿ ರೂಪಾಯಿಯ ಜೊತೆಗೆ 6 ಪೈಸೆ ಗ್ರಂಥಾಲಯ ಕರವೂ ಸೇರಿದೆ. 1965ರ ಗ್ರಂಥಾಲಯ ಕಾಯಿದೆಯಿಂದ ಬಂದ ಏರ್ಪಾಡು ಇದು. ಅಂದಮೇಲೆ ನಿಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದ ಕಪಾಟುಗಳ ಮೇಲೆ ನಿಮ್ಮ ಮಗುವಿಗೂ ಹಕ್ಕಿದೆ. ಮುಂದಿನ ರಜೆಯ ದಿನ ಮಗುವಿನ ಕೈಹಿಡಿದು ಅಲ್ಲಿಗೆ ಕರೆದೊಯ್ಯಿರಿ. ಪುಸ್ತಕವನ್ನು ಮಗುವೇ ಆರಿಸಲಿ. ಚಿತ್ರಗಳೇ ತುಂಬಿದ ಪುಸ್ತಕವಾದರೂ ಸರಿ, ತರಗತಿಗಿಂತ ಸುಲಭವಾದುದಾದರೂ ಸರಿ, ಬೇಡವೆನ್ನಬೇಡಿ.

ಮಗು ಓದುವುದನ್ನು ಪರೀಕ್ಷಿಸಲು ಶಾಲೆಯಿದೆ. ಮಗುವಿನ ಜೊತೆ ಕುಳಿತು ನಗುತ್ತಾ ಓದಲು ನೀವಲ್ಲದೆ ಬೇರೆ ಯಾರಿದ್ದಾರೆ? ಇಂದು ರಾತ್ರಿಯೇ ಆರಂಭಿಸಿ.