ಹೆತ್ತವರಿಂದ ಕಸಿದ ಮಗು: ಜಗತ್ತನ್ನೇ ಕಲಕಿದ ಎಡ್ಗಾರ್ಡೊ ಮೊರ್ತಾರಾ ಬದುಕು

1858ರ ಜೂನ್ 23ರ ರಾತ್ರಿ. ಇಟಲಿಯ ಬೊಲೊನ್ಯಾ ನಗರದ ಯಹೂದಿ ವ್ಯಾಪಾರಿ ಮೊಮೊಲೊ ಮೊರ್ತಾರಾ ಅವರ ಮನೆ ಬಾಗಿಲನ್ನು ಪೊಲೀಸರು ತಟ್ಟಿದರು. ಅವರು ಹುಡುಕಿಕೊಂಡು ಬಂದಿದ್ದು ಆರು ವರ್ಷದ ಮಗ ಎಡ್ಗಾರ್ಡೊನನ್ನು. ಹೆತ್ತವರು ಗೋಗರೆದಿದ್ದಕ್ಕೆ ಒಂದು ದಿನದ ಗಡುವಷ್ಟೇ ಸಿಕ್ಕಿತು. ಮರುದಿನ ಮಗುವನ್ನು ರೋಮ್‌ಗೆ ಕರೆದೊಯ್ಯಲಾಯಿತು.

ಆಗಿದ್ದಿಷ್ಟು. ಎಡ್ಗಾರ್ಡೊ ಕೂಸಾಗಿದ್ದಾಗ ಕಾಯಿಲೆ ಬಿದ್ದಿದ್ದ. ಮಗು ಉಳಿಯುವುದಿಲ್ಲವೆಂದು ಹೆದರಿದ ಮನೆಗೆಲಸದ ಕ್ರೈಸ್ತ ಹುಡುಗಿ ಆನ್ನಾ ಮೊರಿಸಿ, ಯಾರಿಗೂ ತಿಳಿಯದಂತೆ ನೀರು ಚಿಮುಕಿಸಿ ದೀಕ್ಷಾಸ್ನಾನ ಮಾಡಿಸಿದ್ದಾಗಿ ನಂತರ ಹೇಳಿದಳು. ವಿಷಯ ಚರ್ಚ್‌ನ ಧರ್ಮವಿಚಾರಣಾಧಿಕಾರಿಯ ಕಿವಿಗೆ ಬಿತ್ತು. ಬೊಲೊನ್ಯಾ ಆಗ ಪೋಪ್ ಆಳ್ವಿಕೆಯಲ್ಲಿತ್ತು. ದೀಕ್ಷಾಸ್ನಾನವಾದ ಮಗುವನ್ನು ಯಹೂದಿಗಳು ಬೆಳೆಸುವಂತಿಲ್ಲ ಎನ್ನುವುದು ಅಲ್ಲಿನ ಕಾನೂನು.

ರೋಮ್‌ನಲ್ಲಿ ಮತಾಂತರಗೊಂಡವರಿಗೆಂದೇ ಇದ್ದ ಗೃಹದಲ್ಲಿ ಬಾಲಕನಿಗೆ ಹೊಸ ಪ್ರಾರ್ಥನೆ, ಹೊಸ ಪಾಠ ಶುರುವಾಯಿತು. ಪೋಪ್ ಒಂಬತ್ತನೇ ಪಯಸ್ ಅವನನ್ನು ಸ್ವಂತ ಮಗನಂತೆ ಕಂಡರು. ತಂದೆ ತಾಯಿ ರೋಮ್‌ಗೆ ಬಂದಾಗ ಮಗನನ್ನು ನೋಡಲು ಬಿಟ್ಟರೇ ಹೊರತು ಮನೆಗೆ ಕಳುಹಿಸಲಿಲ್ಲ.

ಪ್ರಕರಣ ಯುರೋಪ್, ಅಮೆರಿಕದಲ್ಲೆಲ್ಲ ಸದ್ದು ಮಾಡಿತು. ಫ್ರಾನ್ಸ್ ಚಕ್ರವರ್ತಿ ಮೂರನೇ ನೆಪೋಲಿಯನ್ ಕೂಡ ಮಗುವನ್ನು ಮರಳಿಸುವಂತೆ ಒತ್ತಾಯಿಸಿದರು. 1859ರಲ್ಲಿ ಬ್ರಿಟನ್‌ನ ಯಹೂದಿ ಮುಖಂಡ ಮೋಸೆಸ್ ಮಾಂಟಿಫಿಯೋರ್ ರೋಮ್‌ವರೆಗೆ ಹೋದರೂ ಪೋಪ್ ಭೇಟಿಯಾಗಲಿಲ್ಲ. ಪಯಸ್ ಪಟ್ಟು ಸಡಿಲಿಸಲೇ ಇಲ್ಲ.

1870ರಲ್ಲಿ ಇಟಲಿಯ ಸೇನೆ ರೋಮ್ ವಶಪಡಿಸಿಕೊಂಡಿತು. ಎಡ್ಗಾರ್ಡೊಗೆ ಆಗ 19 ವರ್ಷ. ಈಗ ಮನೆಗೆ ಹೋಗಲು ಅವನನ್ನು ತಡೆಯುವವರಿರಲಿಲ್ಲ. ಆದರೆ ಅವನು ಹೋಗಲಿಲ್ಲ. ಹೆತ್ತವರ ಕಡೆಗಲ್ಲ, ಆಸ್ಟ್ರಿಯಾದ ಕಡೆಗೆ ಹೊರಟ. 1873ರಲ್ಲಿ ಪಾದ್ರಿಯಾದ. ಪೋಪ್ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡಿದ್ದ. ಮಗನಿಗಾಗಿ ಹೋರಾಡಿ ಹಣ್ಣಾಗಿದ್ದ ತಂದೆ 1871ರಲ್ಲೇ ತೀರಿಕೊಂಡಿದ್ದರು.

1878ರಲ್ಲಿ ತಾಯಿ ಮರಿಯಾನ್ನಾ ಫ್ರಾನ್ಸ್‌ನ ಪೆರ್ಪಿನ್ಯಾಗೆ ಹೋಗಿ ಮಗನನ್ನು ಕಂಡರು. ತಾಯಿಯ ಮೇಲೆ ಅವನಿಗೆ ಪ್ರೀತಿಯಿತ್ತು. ಆ ಪ್ರೀತಿಯಲ್ಲೇ ಆಕೆಯನ್ನೂ ಮತಾಂತರಿಸಲು ಯತ್ನಿಸಿದ. ಆಕೆ ಒಪ್ಪಲಿಲ್ಲ.

ಹಲವು ಭಾಷೆಗಳಲ್ಲಿ ಧರ್ಮಬೋಧನೆ ಮಾಡುತ್ತ ಬದುಕಿದ ಮೊರ್ತಾರಾ, 1940ರ ಮಾರ್ಚ್ 11ರಂದು ಬೆಲ್ಜಿಯಂನಲ್ಲಿ 88ನೇ ವಯಸ್ಸಿನಲ್ಲಿ ನಿಧನರಾದರು. ಎರಡೇ ತಿಂಗಳಲ್ಲಿ ಹಿಟ್ಲರ್ ಸೇನೆ ಆ ದೇಶಕ್ಕೆ ನುಗ್ಗಿತು. ನಾಜಿಗಳ ಲೆಕ್ಕದಲ್ಲಿ ಹುಟ್ಟೇ ಎಲ್ಲವೂ. ಪಾದ್ರಿಯಾಗಿದ್ದರೂ ಅವರು ಯಹೂದಿಯೇ ಆಗಿರುತ್ತಿದ್ದರು. ಪೋಪ್ ಪಯಸ್‌ಗೆ 2000ನೇ ಇಸವಿಯಲ್ಲಿ ಚರ್ಚ್ ಪುನೀತ ಪದವಿ ನೀಡಿದಾಗ ಯಹೂದಿ ಸಂಘಟನೆಗಳು ವಿರೋಧಿಸಿದವು.

ಮೊರ್ತಾರಾ ಕೊನೆಯವರೆಗೂ ಪೋಪ್ ಅವರನ್ನು ಸಮರ್ಥಿಸಿಕೊಂಡರು. ಅವರ ಭಕ್ತಿ ನಾಟಕವಾಗಿರಲಿಲ್ಲ. ಈ ಕಥೆಯ ನೋವು ಇರುವುದೂ ಅಲ್ಲೇ. ಆರನೇ ವಯಸ್ಸಿನಲ್ಲಿ ಯಾರೂ ಅವರ ಇಷ್ಟ ಕೇಳಲಿಲ್ಲ. ಹತ್ತೊಂಬತ್ತರಲ್ಲಿ ಕೇಳುವ ಹೊತ್ತಿಗೆ ಉತ್ತರ ಆಗಲೇ ಸಿದ್ಧವಾಗಿತ್ತು.